ಖುಶ್‌ನಜರ್ ಘಟ್ಟದಿಂದ ಹಿಂದಿರುಗಿದ್ದು

ಖೊರೋಗ್ ಪೇಟೆಯಲ್ಲಿ ಖುಶ್‌ನಜರನ ಜೀಪು ಹತ್ತಬೇಕೆಂದರೆ ಮೊದಲು ಅವನ ಪಾಠ ಕೇಳಬೇಕಿತ್ತು. ಮೂವತ್ತೊಂದು ವರ್ಷದಿಂದ ಅವನು ಪಾಮಿರ್ ಪರ್ವತದ ಮೇಲಣ ಮುರ್ಗಾಬ್ ಊರಿಗೆ ಜನರನ್ನು ಕರೆದೊಯ್ಯುತ್ತಿದ್ದ. ಪರದೇಶದವರು ಅವನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದುಂಟು. ಹಾಗಾಗಿ ಆ ಮೇ ತಿಂಗಳ ಬೆಳಿಗ್ಗೆ, ಉತ್ತರದ ಬಯಲೂರು ಖುಜಂದಿನಿಂದ ಬಂದ ಇನೋಯತ್ ಎಂಬ ದಪ್ಪನೆಯ ಹೆಂಗಸು ತೆಳು ಚಪ್ಪಲಿ ಮೆಟ್ಟಿ ಎದುರು ನಿಂತಾಗ ಅವನಿಗೆ ಉತ್ಸಾಹ ಉಕ್ಕಿ ಬಂತು.

"ಏನಕ್ಕಾ, ಮದುವೆ ಮನೆಗೆ ಹೊರಟ ಹಾಗಿದೆ! ಉಣ್ಣೆ ಕಾಲುಚೀಲ ಇದ್ರೆ ಈಗ್ಲೇ ಹಾಕ್ಕೊಳಿ. ಇದು ನಿಮ್ಮ ಖುಜಂದ್ ಅಲ್ಲ, ಇಲ್ಲಿ ಗಾಳೀನೇ ತೆಳು. ಓಡಬಾರದು, ಭಾರ ಎತ್ತಬಾರದು, ಹೊಟ್ಟೆ ಬಿರಿಯೋ ಹಾಗೆ ತಿನ್ನಬಾರದು. ಬಾಯಾರಿಕೆ ಇಲ್ದಿದ್ರೂ ಗುಟುಕು ಗುಟುಕಾಗಿ ನೀರು ಕುಡೀತಾನೇ ಇರ್ಬೇಕು."

"ಆಮೇಲೆ?" ಎಂದಳು ಇನೋಯತ್.

"ಮೊದಲನೇ ದಿನ ಜೆಲೊಂದಿ ದಾಟಬಾರದು. ಬಿಸಿನೀರಿನ ಬುಗ್ಗೆ ಹತ್ರ ಒಂದು ರಾತ್ರಿ ಮಲಗಿ, ಮೈಗೆ ಎತ್ತರ ಒಗ್ಗಿದ ಮೇಲೇನೇ ಘಟ್ಟ. ತಲೆ ನೋವು ಬಂದ್ರೆ ಮುಚ್ಚಿಡಬಾರದು. ನಾಚ್ಕೊಂಡು ಸುಮ್ಮನೆ ಕೂತವರನ್ನ ನಾನೇ ಹೊತ್ಕೊಂಡು ಇಳಿಸಿದೀನಿ."

"ಆಮೇಲೆ?"

"ಚಹಾಕ್ಕೆ ಹಾಲು, ಉಪ್ಪು ಹಾಕ್ಕೊಡ್ತಾರೆ, ಮುಖ ಸಿಂಡರಿಸಬಾರದು. ಬಟ್ಟಲು ಅರ್ಧ ತುಂಬಿಸಿದ್ರೆ ಮರ್ಯಾದೆ ಅಂತ ಅರ್ಥ."

"ಅದು ನಮ್ಮಲ್ಲೂ ಹಾಗೇ."

ಹಿಂದಿನ ಸೀಟಿನಲ್ಲಿ ಹಿಟ್ಟಿನ ಮೂಟೆಗಳ ನಡುವೆ ಆಗಲೇ ಒರಗಿ ಕೂತಿದ್ದ ಆಪ್ಸಮತ್ ಬಿಳಿ ತುಪ್ಪಟದ ಟೋಪಿಯನ್ನು ಹಿಂದಕ್ಕೆ ಸರಿಸಿದ. ಅವನು ಘಟ್ಟದಾಚೆಯ ಅಲಿಚೂರಿನಲ್ಲಿ ಯಾಕ್ ದನ ಸಾಕುವ ಕಿರ್ಗಿಜ್. ವರ್ಷಕ್ಕೆ ಎರಡು ಬಾರಿ ಹಿಟ್ಟು ಕೊಳ್ಳಲು ಇಳಿದು ಬರುತ್ತಿದ್ದ. "ಅಕ್ಕಾ, ಇವನಿಗೆ ಉಸಿರು ನಿಂತ್ರೂ ಪಾಠ ನಿಲ್ಲಲ್ಲ. ಹತ್ತಿ ಕೂತ್ಕೊಳಿ, ಹೊತ್ತಾಯ್ತು," ಎಂದ.

ಇನೋಯತ್ ಮುಂದಿನ ಸೀಟಿಗೆ ಹತ್ತಿದಳು. ಆಕೆ ಮುರ್ಗಾಬಿನಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಓದುವಾಗ ಜೊತೆಯಾದ ಕಿರ್ಗಿಜ್ ಹುಡುಗನನ್ನೇ ಮದುವೆಯಾಗಿದ್ದ ಮಗಳು ಸಬೋಹತ್ ಈಗ ಚೊಚ್ಚಲ ಬಾಣಂತಿ. ಬಾಣಂತಿಯ ತವರಿನಿಂದ ಬರಬೇಕಾದ ಬಣ್ಣದ ತೊಟ್ಟಿಲು ಜೀಪಿನ ನೆತ್ತಿಯ ಮೇಲೆ ಕಂಬಳಿ ಹೊದ್ದು ಕೂತಿತ್ತು.

ಖುಶ್‌ನಜರ್ ಪ್ರಯಾಣಿಕರಿಗೆ ಹೇಳದ ಸಂಗತಿಯೊಂದಿತ್ತು. ಎರಡೂ ಕಣ್ಣಿನ ಪೊರೆ ತೆಗೆಸಲು ಹೋದವನು ಎಂಟು ತಿಂಗಳು ದುಶಂಬೆಯ ಬಯಲಿನಲ್ಲಿ ತನ್ನ ಮಗಳ ಮನೆಯಲ್ಲೇ ಇದ್ದುಬಿಟ್ಟಿದ್ದ. ಖೊರೋಗಿಗೆ ಮರಳಿದ್ದು ಹಿಂದಿನ ಸಂಜೆಯಷ್ಟೇ. ಉಳಿದ ಚಾಲಕರು, "ಕಲ್ಲಂಗಡಿ ತಿಂದು ತಿಂದು ಬಯಲಿನವನಾಗಿಬಿಟ್ಯಲ್ಲೋ!" ಎಂದು ಕಾಲೆಳೆದಿದ್ದರು. ಅವನು ನಕ್ಕಿದ್ದ, ಆದರೆ ಮಾತು ಒಳಗೆ ಚುಚ್ಚಿಕೊಂಡಿತ್ತು. ನಿಧಾನವಾಗಿ ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಬೇಕು ಎಂದು ಬೇರೆಯವರಿಗೆ ಹೇಳುವವನು ಬೆಳಕು ಹರಿಯುತ್ತಲೇ ಜೀಪು ಹೊರಡಿಸಿದ್ದ.

ಗುಂಟ್ ನದಿಯ ದಂಡೆಗುಂಟ ದಾರಿ ಸುಖವಾಗಿ ಸಾಗಿತು. ಏಪ್ರಿಕಾಟ್ ಮರಗಳು ಮುಗಿದು ಪಾಪ್ಲರ್ ಬಂದವು, ಪಾಪ್ಲರ್ ಮುಗಿದು ಬರೀ ಕಲ್ಲು ಬಂತು. ಇನೋಯತ್ ಅವನು ಹೇಳಿದಂತೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದಳು. ಬೆಟ್ಟ ನೋಡುವುದು ಬಿಟ್ಟು ಅವನ ಕಾಲನ್ನೇ ನೋಡುತ್ತಿದ್ದಳು.

"ಏನು ನೋಡ್ತಿದೀರಕ್ಕಾ?"

"ಏನಿಲ್ಲ. ಬ್ರೇಕ್ ಜಾಸ್ತಿ ತುಳೀತೀರ."

ಖುಶ್‌ನಜರ್ ಮುಂದಿನ ತಿರುವಿನಲ್ಲೂ ಬ್ರೇಕ್ ತುಳಿದ.

ಮಧ್ಯಾಹ್ನದ ಹೊತ್ತಿಗೆ ಜೆಲೊಂದಿ ಬಂತು. ಬುಗ್ಗೆಯ ಮನೆಯಿಂದ ಹಬೆ ಏಳುತ್ತಿತ್ತು. ಇನೋಯತ್ ಗಂಟು ಎತ್ತಿಕೊಂಡು ಇಳಿಯಲು ಅಣಿಯಾದಳು.

"ಕೂತ್ಕೊಳಿ, ಕೂತ್ಕೊಳಿ. ನೀವು ಗಟ್ಟಿಯಾಗಿದೀರ. ಇವತ್ತೇ ಘಟ್ಟ ದಾಟಿಬಿಡೋಣ."

"ಇಲ್ಲಿ ಮಲಗಬೇಕು ಅಂದ್ರಿ?"

"ಅದು ಆಗದವರಿಗೆ."

ಆಕೆ ಅವನ ಮುಖವನ್ನೊಮ್ಮೆ ನೋಡಿ ಗಂಟನ್ನು ಕೆಳಗಿಟ್ಟಳು. ಅವನ ನೆತ್ತಿಯಲ್ಲಿ ಆಗಲೇ ಸಣ್ಣದೊಂದು ಸುತ್ತಿಗೆ ಬಡಿಯತೊಡಗಿತ್ತು. ಹೊಸ ಕಣ್ಣಿಗೆ ಬಿಸಿಲು ಚುಚ್ಚುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡ. ಕೊಯ್ತೆಜೆಕ್ ಘಟ್ಟದ ತಿರುವುಗಳನ್ನು ಹತ್ತುತ್ತ ಹತ್ತುತ್ತ ಸುತ್ತಿಗೆ ದೊಡ್ಡದಾಯಿತು. ನಾಲಗೆ ಒಣಗಿತು. ಪಾಠ ಯಾವಾಗ ನಿಂತಿತೋ ಅವನಿಗೇ ಗೊತ್ತಾಗಲಿಲ್ಲ. ಘಟ್ಟದ ನೆತ್ತಿಗೆ ಇನ್ನೊಂದು ತಿರುವು ಇರುವಾಗ ಎಡಗಡೆಯ ಚಕ್ರ ದಾರಿ ಬಿಟ್ಟು ಜಲ್ಲಿಗೆ ಇಳಿದು ಜೀಪು ವಾಲಿತು. ಅವನು ಗಕ್ಕನೆ ನಿಲ್ಲಿಸಿ, ಬಾಗಿಲು ತೆಗೆದು, ಚಕ್ರದ ಪಕ್ಕ ಕುಕ್ಕರಿಸಿ ಬೆಳಗಿನ ರೊಟ್ಟಿಯನ್ನೆಲ್ಲ ಕಾರಿಕೊಂಡ.

"ರೊಟ್ಟಿ ಹಳಸಿತ್ತು," ಎಂದ ಬಾಯಿ ಒರೆಸಿಕೊಳ್ಳುತ್ತ.

"ನಾವೂ ಅದನ್ನೇ ತಿಂದ್ವಲ್ಲ," ಎಂದ ಆಪ್ಸಮತ್.

ಇನೋಯತ್ ಉಣ್ಣೆಯ ಶಾಲು ಬಿಗಿದುಕೊಂಡು ಮೆಲ್ಲಗೆ ನಡೆದು ಬಂದಳು. "ತಲೆ ನೋವಿದ್ಯಾ?"

"ಇಲ್ಲ... ಸ್ವಲ್ಪ."

"ರಸ್ತೆಯ ಆ ಬಿಳಿ ಗೆರೆ ಮೇಲೆ ಹತ್ತು ಹೆಜ್ಜೆ ನಡೀರಿ ನೋಡೋಣ. ನೆಟ್ಟಗೆ ನಡೆಯೋಕಾಗದವರನ್ನ ತಕ್ಷಣ ಕೆಳಗಿಳಿಸ್ಬೇಕು ಅಂತ ದಾರೀಲಿ ನೀವೇ ಹೇಳಿದ್ದು."

ಖುಶ್‌ನಜರ್ ಸಿಟ್ಟಿನಿಂದ ಎದ್ದು ನಡೆದ. ನಾಲ್ಕನೆಯ ಹೆಜ್ಜೆಗೆ ಗೆರೆ ಒಂದು ಕಡೆ, ಅವನು ಒಂದು ಕಡೆ. ಆಪ್ಸಮತ್ ಮೊದಲು ನಕ್ಕ, ಆಮೇಲೆ ಓಡಿ ಬಂದು ಅವನ ತೋಳು ಹಿಡಿದುಕೊಂಡ. ಹಾಗೆ ಹಿಡಿಸಿಕೊಂಡು ನಿಂತಾಗ ಖುಶ್‌ನಜರನಿಗೆ ಅಳುವೇ ಬರುವಂತಾಯಿತು. ಎಷ್ಟು ಜನರನ್ನು ತಾನು ಹೀಗೆ ಹಿಡಿದಿದ್ದ!

"ಓಡಿಸೋದು ಯಾರು? ಆಪ್ಸಮತ್, ನಿಂಗೆ ಬರುತ್ತೇನೋ?"

"ನನ್ನ ಯಾಕ್ ಮೇಲೆ ಕೂತ್ರೆ ಅದೇ ಮನೆಗೆ ಹೋಗುತ್ತಪ್ಪ. ನಿನ್ನ ಜೀಪು ಹೋಗುತ್ತಾ?"

"ಬೀಗದ ಕೈ ಕೊಡಿ," ಎಂದಳು ಇನೋಯತ್. "ಇಪ್ಪತ್ತಾರು ವರ್ಷ ಖುಜಂದಿನಲ್ಲಿ ಟ್ರಾಲಿಬಸ್ ಓಡಿಸಿದೀನಿ."

"ಟ್ರಾಲಿಬಸ್ಸಾ! ಕರೆಂಟ್ ತಂತಿಗೆ ಕಟ್ಟಿದ ಬಂಡಿ! ಗೇರೇ ಇಲ್ಲ ಅದಕ್ಕೆ!"

"ಅದಕ್ಕೂ ಮುಂಚೆ ಒಂಬತ್ತು ವರ್ಷ ಹತ್ತಿ ಲಾರಿ. ಅದಕ್ಕೆ ಗೇರಿತ್ತು, ಬ್ರೇಕೇ ಸರಿಯಿರ್ಲಿಲ್ಲ. ಹಿಂದೆ ಕೂತ್ಕೊಳಪ್ಪ ತಮ್ಮಾ."

ಅವನು ಹಿಟ್ಟಿನ ಮೂಟೆಯ ಮೇಲೆ ತಲೆಯಿಟ್ಟು ಮಲಗಿದ. ಆಕೆ ಎರಡೇ ಸಲಕ್ಕೆ ಜೀಪನ್ನು ಜಲ್ಲಿಯಿಂದ ಎತ್ತಿ, ತಿರುಗಿಸಿ, ಎರಡನೇ ಗೇರಿನಲ್ಲಿ ಇಳಿಸತೊಡಗಿದಳು. ಖುಶ್‌ನಜರ್ ಸುಮ್ಮನಿರಲಾರದೆ, "ಬಲಕ್ಕೆ ತಗೊಳಿ... ನಿಧಾನ... ಅಲ್ಲಿ ಗುಂಡಿ ಇದೆ..." ಎನ್ನುತ್ತಲೇ ಇದ್ದ.

"ಚಾಲಕರ ಜೊತೆ ಮಾತಾಡಬಾರದು ಅಂತ ನಮ್ಮ ಬಸ್ಸಲ್ಲಿ ಬೋರ್ಡೇ ಇತ್ತು, ತಮ್ಮಾ."

ಆಪ್ಸಮತ್ ಟೋಪಿಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದುದು ಖುಶ್‌ನಜರನಿಗೆ ಕೇಳಿಸಿತು. ನಾಲ್ಕು ತಿರುವಾದ ಮೇಲೆ ಅವನ ಪಾದಗಳು ಇಲ್ಲದ ಬ್ರೇಕನ್ನು ಒತ್ತುವುದನ್ನು ಬಿಟ್ಟವು. ಮೂವತ್ತೊಂದು ವರ್ಷದಲ್ಲಿ ಈ ದಾರಿಯ ಆಕಾಶವನ್ನು ಅವನು ನೋಡಿಯೇ ಇರಲಿಲ್ಲ. ಅದು ಕಡುನೀಲಿಯಾಗಿತ್ತು.

ಜೆಲೊಂದಿಯಲ್ಲಿ ಬುಗ್ಗೆಯ ಮನೆ ನೋಡಿಕೊಳ್ಳುವ ಹೆಂಗಸು ಅವನನ್ನು ಕಂಡು ಹುಬ್ಬೇರಿಸಿದಳು, ಆದರೆ ಏನೂ ಕೇಳದೆ ಹಾಸಿಗೆ ಬಿಡಿಸಿದಳು. ತಕ್ಷಣ ಬಿಸಿನೀರಿಗೆ ಇಳಿಯಬೇಡಿ, ಮೊದಲು ವಿಶ್ರಾಂತಿ ಎಂದು ಇನೋಯತ್ ಅವನಿಗೇ ಅಪ್ಪಣೆ ಮಾಡಿದಳು. ಗಂಟೆಗೊಮ್ಮೆ ಬಂದು ನೀರು ಕುಡಿಸಿದಳು. ಸಂಜೆ ತೆಳು ಸಾರು, ಒಂದು ತುಂಡು ರೊಟ್ಟಿ. ಅಮ್ಮ ಹೋದ ಮೇಲೆ ಯಾರೂ ಅವನಿಗೆ ಹೀಗೆ ಬಟ್ಟಲು ಹಿಡಿದು ಕುಡಿಸಿರಲಿಲ್ಲ. ಬೆಳಿಗ್ಗೆ ಎದ್ದಾಗ ಸುತ್ತಿಗೆ ಬಹಳ ದೂರದಲ್ಲಿತ್ತು.

ಆ ದಿನವೂ ಅಲ್ಲೇ ಉಳಿದರು. "ಮಗಳು ಕಾಯ್ತಿರ್ತಾಳಲ್ಲಕ್ಕಾ," ಎಂದು ಅವನು ನೊಂದುಕೊಂಡಾಗ ಇನೋಯತ್, "ಕಾಯ್ಲಿ. ಮಗು ತೊಟ್ಟಿಲಲ್ಲಿ ಮಲಗದಿದ್ರೆ ಅಜ್ಜಿ ಮಡಿಲಲ್ಲಿ ಮಲಗುತ್ತೆ, ಅಲ್ಲೊಬ್ಬಳು ಅಜ್ಜಿ ಇದಾಳಲ್ಲ," ಎಂದು ಹೆಂಗಸರ ಸರದಿಗೆ ಸ್ನಾನಕ್ಕೆ ಹೊರಟುಹೋದಳು. ಕೆಂಪಗೆ ಬೆಂದು ಹಾಡು ಗುನುಗುತ್ತ ಹಿಂದಿರುಗಿದಳು.

ಮಧ್ಯಾಹ್ನ ಖೊರೋಗಿನ ಇಬ್ಬರು ಚಾಲಕರು ಚಹಾಕ್ಕೆ ಜೀಪು ನಿಲ್ಲಿಸಿದರು. "ಏನೋ, ಎಂಜಿನ್ ಕೈಕೊಡ್ತಾ?" ಎಂದ ಒಬ್ಬ.

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಖುಶ್‌ನಜರ್ ಬಟ್ಟಲನ್ನು ಕೆಳಗಿಟ್ಟ. "ಇಲ್ಲಪ್ಪ. ನನಗೇ ಎತ್ತರ ಒಗ್ಗಲಿಲ್ಲ. ಎಂಟು ತಿಂಗಳು ಕೆಳಗಿದ್ದು ಒಂದೇ ದಿನದಲ್ಲಿ ಹತ್ತೋಕೆ ಹೋದೆ. ಈ ಅಕ್ಕ ಇಳಿಸ್ಕೊಂಡು ಬಂದ್ರು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಹಿರಿಯವನು ಹತ್ತಿರ ಬಂದು, "ಹೋದ ವರ್ಷ ನಂಗೂ ಹಾಗಾಯ್ತು ಕಣೋ. ಚಕ್ರ ಪಂಕ್ಚರ್ ಅಂತ ಹೇಳಿದ್ದೆ," ಎಂದು ಪಿಸುಗುಟ್ಟಿದ.

ಮೂರನೆಯ ದಿನ ಖುಶ್‌ನಜರನೇ ಘಟ್ಟ ಹತ್ತಿಸಿದ. ಬ್ರೇಕ್ ಕಡಿಮೆ ತುಳಿದ. ತುಳಿದಾಗ ಪಕ್ಕಕ್ಕೆ ನೋಡಿದ. ಘಟ್ಟದಾಚೆ ಅಲಿಚೂರಿನ ಮಟ್ಟಸವಾದ ಬಯಲು ತೆರೆದುಕೊಂಡಾಗ ಜೀಪು ನಿಲ್ಲಿಸಿ ಇಳಿದು, "ಬನ್ನಿ ಅಕ್ಕಾ, ಇಲ್ಲಿ ತಂತಿಯೂ ಇಲ್ಲ, ನಿಲ್ದಾಣವೂ ಇಲ್ಲ," ಎಂದ. ಇನೋಯತ್ ಚಪ್ಪಾಳೆ ತಟ್ಟಿ ಜಾಗ ಬದಲಿಸಿದಳು. ಆಕೆ ಓಡಿಸಿದ ವೇಗಕ್ಕೆ ದಪ್ಪ ಅಳಿಲಿನಂಥ ಮಾರ್ಮಟ್‌ಗಳು ಬಿಲ ಸೇರಿದವು. ಆಪ್ಸಮತನ ಮನೆಯಲ್ಲಿ ಹಿಟ್ಟು ಇಳಿಸಿ, ಯಾಕ್ ಕೆನೆಯಲ್ಲಿ ರೊಟ್ಟಿ ಅದ್ದಿಕೊಂಡು ತಿಂದು ಮುಂದೆ ಸಾಗಿದರು.

ಮುರ್ಗಾಬಿನ ಸುಣ್ಣದ ಗೋಡೆಯ ಮನೆಯಿಂದ ಸಬೋಹತ್ ಮಗುವನ್ನು ಎತ್ತಿಕೊಂಡೇ ಓಡಿ ಬಂದಳು. ತಾಯಿ ಮಗಳು ಒಂದೇ ಸಮ ಮಾತಾಡುತ್ತ, ಅಳುತ್ತ, ನಗುತ್ತ ಬಾಗಿಲಲ್ಲೇ ನಿಂತುಬಿಟ್ಟರು. ಬೀಗಿತ್ತಿ ಕಿರ್ಗಿಜ್ ಭಾಷೆಯಲ್ಲಿ ಗದರಿ ಎಲ್ಲರನ್ನೂ ಒಳಗೆ ಅಟ್ಟಿದಳು. ಖುಶ್‌ನಜರನಿಗೂ ಹೊಸ ಕಂಬಳಿ ಹಾಸಿದರು.

ಊಟಕ್ಕೆ ಇನ್ನೂ ಹೊತ್ತಿತ್ತು. ಅವನು ಹೊರಗೆ ಬಂದು ಬಿಸಿಲು ಬಿದ್ದ ಗೋಡೆಗೆ ಬೆನ್ನು ಕೊಟ್ಟು ಕೂತ. ಪೂರ್ವಕ್ಕೆ ಹಿಮದ ಬೆಟ್ಟ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಒಂದೊಂದು ಮಡಿಕೆಯನ್ನೂ ಹೊಸ ಕಣ್ಣು ಎಣಿಸಬಲ್ಲಂತಿತ್ತು. ಒಳಗಿನಿಂದ ಎರಡು ಭಾಷೆಗಳ ಮಾತು, ನಗು ಕೇಳಿಸುತ್ತಿತ್ತು. ಕರೆಯುವವರೆಗೂ ಅವನು ಅಲ್ಲೇ ಕಾಲು ಚಾಚಿ ಕೂತಿದ್ದ.