ಅರ್ಧಕ್ಕೆ ನಿಂತ ಕೈ

ಕ್ಯಾಮೆರಾ ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ಹಲ್ಲಣ್ಣ ಅಂತಲೇ ಕರೆಯುತ್ತಿದ್ದರು. ಅವನ ಹಲ್ಲು ಉಬ್ಬಿತ್ತು ಅಂತಲ್ಲ, ಅವನ ಕಸುಬೇ ಹಲ್ಲುಸೆಟ್ಟು ಮಾಡುವುದು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಉತ್ತರದ ಕಿಟಕಿಯ ಪಕ್ಕ ಕೂತು, ಇಪ್ಪತ್ತೆರಡು ವರ್ಷದಿಂದ ಅಚ್ಚು ಎರೆಯುತ್ತ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತ, ಉಜ್ಜಿ ಹೊಳಪು ಕೊಡುತ್ತ ಬಂದವನು. ಬಿಳಿ ಬಣ್ಣವೊಂದರಲ್ಲೇ ಹದಿನಾರು ಬಗೆಯನ್ನು ಬೇರೆಬೇರೆ ಗುರುತಿಸುವ ಕಣ್ಣು ಅವನದು. ಅಂಥ ಕಣ್ಣು ಕ್ಲಬ್ಬಿನ ತಿಂಗಳ ಸ್ಪರ್ಧೆ ಬಂದರೆ ಮಾತ್ರ ಕೈಕೊಡುತ್ತಿತ್ತು. ಆರು ವರ್ಷದಲ್ಲಿ ಅವನ ಒಂದು ಫೋಟೋವೂ ಹತ್ತಕ್ಕೆ ಆರು ದಾಟಿರಲಿಲ್ಲ.

ಪ್ರಯತ್ನಕ್ಕೇನೂ ಕೊರತೆಯಿರಲಿಲ್ಲ. ಹೂವಿಗೆ ತಾನೇ ನೀರು ಚಿಮುಕಿಸಿ ಇಬ್ಬನಿಯ ಫೋಟೋ ತೆಗೆದಿದ್ದ. ಸೇತುವೆಯ ನೆರಳು ನೀರಿನಲ್ಲಿ ಬೀಳುವುದನ್ನು ಕಾದು ತೆಗೆದಿದ್ದ. ಮುಳುಗುವ ಸೂರ್ಯನನ್ನಂತೂ ಬಿಟ್ಟವನೇ ಅಲ್ಲ. "ರೀ, ಆ ಸೂರ್ಯನಿಗೂ ಸಾಕಾಗಿರುತ್ತೆ. ಒಂದು ದಿನ ಅವನ ಪಾಡಿಗೆ ಅವನು ಮುಳುಗ್ಲಿ ಬಿಡ್ರಿ," ಎಂದು ಹೆಂಡತಿ ನಗುತ್ತಿದ್ದಳು.

ಆ ವರ್ಷ ಕ್ಲಬ್ಬಿಗೆ ಹೊಸ ತೀರ್ಪುಗಾರ್ತಿ ಬಂದರು. ಪತ್ರಿಕೆಯೊಂದರ ಫೋಟೋ ವಿಭಾಗದಲ್ಲಿ ಮೂವತ್ತು ವರ್ಷ ಕೂತು, ಯಾವ ಫೋಟೋ ಅಚ್ಚಿಗೆ ಹೋಗಬೇಕು, ಎಷ್ಟು ಕತ್ತರಿಸಿ ಹೋಗಬೇಕು ಅಂತ ತೀರ್ಮಾನಿಸಿದ ಹೆಂಗಸು. ಚೋಟುದ್ದ ಬಿಳಿಗೂದಲು, ಕೊರಳಲ್ಲಿ ದಾರಕ್ಕೆ ನೇತುಬಿದ್ದ ಕನ್ನಡಕ. ಮೂಲೆಯ ಆಕಾರಕ್ಕೆ ಕತ್ತರಿಸಿದ ಎರಡು ಕಪ್ಪು ರಟ್ಟು ಸದಾ ಅವರ ಚೀಲದಲ್ಲಿರುತ್ತಿದ್ದವು. ಅವೆರಡನ್ನು ಫೋಟೋದ ಮೇಲಿಟ್ಟು ಆಚೀಚೆ ಸರಿಸಿ, ಬೇಡದ್ದನ್ನು ಮುಚ್ಚಿ, ಬೇಕಾದ್ದನ್ನು ಮಾತ್ರ ಉಳಿಸಿ ತೋರಿಸುತ್ತಿದ್ದರು. ಮೊದಲ ಸಂಜೆಯೇ ಹುಡುಗರು ಅವರಿಗೆ ಕತ್ತರಿ ಮೇಡಂ ಅಂತ ಹೆಸರಿಟ್ಟರು.

ಕ್ಲಬ್ಬಿನ ಪದ್ಧತಿಯಂತೆ ಫೋಟೋಗಳ ಮೇಲೆ ತೆಗೆದವರ ಹೆಸರಿರುವುದಿಲ್ಲ, ನಂಬರು ಮಾತ್ರ. ಹದಿನಾಲ್ಕನೆಯದು ಹಲ್ಲಣ್ಣನ ಮಾರುಕಟ್ಟೆಯ ಫೋಟೋ. ಬೀದಿಗೆ ಬೀದಿಯೇ ಅದರಲ್ಲಿತ್ತು: ಗಾಡಿಗಳು, ಛತ್ರಿಗಳು, ಜನ, ಆಕಾಶ. ಮೇಡಂ ಸುಮಾರು ಹೊತ್ತು ನೋಡಿ, ರಟ್ಟುಗಳನ್ನು ಎಡಗಡೆಯ ಕೆಳಮೂಲೆಗೆ ತಂದು, ಬೆಂಕಿಪೊಟ್ಟಣದಷ್ಟು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದರು. ಅಲ್ಲೊಬ್ಬ ಏಣಿ ಹೊತ್ತವನು ನಿಂತಿದ್ದ. ಏಣಿಯ ಎರಡು ಮೆಟ್ಟಿಲ ನಡುವಿನಿಂದ ನಾಯಿಯೊಂದು ಅವನನ್ನೇ ದಿಟ್ಟಿಸುತ್ತಿತ್ತು.

"ಇದು ನೋಡಿ ಫೋಟೋ," ಎಂದರು. "ತೆಗೆದವರು ಇದನ್ನ ತೆಗೆದಿದಾರೆ, ಆದ್ರೆ ನೋಡಿಲ್ಲ. ಐದು."

ಸಭೆ ಗೊಳ್ಳೆಂದಿತು. ಹಲ್ಲಣ್ಣನ ಕಿವಿ ಬಿಸಿಯಾಯಿತು. ಆದರೂ ಅವನು ಆ ಮೂಲೆಯಿಂದ ಕಣ್ಣು ಕೀಳಲಿಲ್ಲ. ಅಷ್ಟು ಚೆಂದದ ನಾಯಿ ತನ್ನ ಫೋಟೋದಲ್ಲೇ ಇತ್ತಲ್ಲ, ತಿಂಗಳುಗಟ್ಟಲೆ ಮನೆಯ ಗೋಡೆಗೆ ನೇತುಹಾಕಿದ್ದರೂ ತನಗೆ ಕಾಣಲಿಲ್ಲವಲ್ಲ!

ಟೀ ಕುಡಿಯುವಾಗ ಧೈರ್ಯ ಮಾಡಿ ಅವರ ಬಳಿ ಹೋದ. "ಮೇಡಂ, ಆ ಹದಿನಾಲ್ಕನೇದು ನಂದು."

"ಗೊತ್ತಿರ್ಲಿಲ್ಲ. ಗೊತ್ತಿದ್ರೂ ಐದೇ ಕೊಡ್ತಿದ್ದೆ."

"ಅಂಕದ ಮಾತಲ್ಲ ಮೇಡಂ. ಗೆಲ್ಲೋ ಫೋಟೋ ಅಂದ್ರೆ ಹೇಗಿರುತ್ತೆ? ಆರು ವರ್ಷದಿಂದ ತಲೆ ಕೆರ್ಕೋತಾ ಇದೀನಿ."

ಬೇರೆ ಯಾರಾದರೂ ಆಗಿದ್ದರೆ ಬೆನ್ನು ತಟ್ಟಿ ಕಳಿಸುತ್ತಿದ್ದರೇನೋ. ಮೇಡಂ ಚೀಟಿಯಲ್ಲಿ ಮನೆ ವಿಳಾಸ ಬರೆದುಕೊಟ್ಟರು. "ಭಾನುವಾರ ಬನ್ನಿ. ನಿಮ್ಮ ಐವತ್ತು ಫೋಟೋ ತನ್ನಿ. ಸೂರ್ಯ ಬೇಡ."

ಭಾನುವಾರ ಅವರ ಊಟದ ಮೇಜಿನ ಮೇಲೆ ಐವತ್ತೂ ಫೋಟೋ ಹರಡಿದವು. ಮೇಡಂ ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಒಂದೊಂದನ್ನೂ ತಲೆಕೆಳಗು ಮಾಡಿ ಅವನ ಮುಂದಿಟ್ಟು, "ಕಣ್ಣು ಮೊದಲು ಎಲ್ಲಿಗೆ ಹೋಯ್ತು?" ಎಂದು ಕೇಳುತ್ತಾ ಹೋದರು. ಒಂದರಲ್ಲಿ ಬಿಳಿ ಚೀಲಕ್ಕೆ ಹೋಯಿತು, ಇನ್ನೊಂದರಲ್ಲಿ ಕಂಬಕ್ಕೆ, ಮತ್ತೊಂದರಲ್ಲಿ ಎಲ್ಲಿಗೂ ಹೋಗದೆ ಸುತ್ತುತ್ತಲೇ ಇತ್ತು. ತಾನು ತೋರಿಸಬೇಕೆಂದಿದ್ದ ಕಡೆ ಕಣ್ಣು ಹೋದದ್ದು ಐವತ್ತರಲ್ಲಿ ನಾಲ್ಕು ಸಲ.

"ಒಂದು ಸಂಜೆ ನಾನು ಎಂಬತ್ತು ಫೋಟೋ ನೋಡ್ತೀನಿ," ಎಂದರು ಮೇಡಂ. "ಒಂದೊಂದಕ್ಕೆ ಸಿಗೋದು ಅರ್ಧ ನಿಮಿಷ. ಎಲ್ಲಿ ನೋಡ್ಬೇಕು ಅಂತ ಫೋಟೋನೇ ನಂಗೆ ಹೇಳ್ಬೇಕು. ಅಲ್ಲಿಂದ ಕಣ್ಣು ಜಾರಿ ಆಚೆ ಹೋಗ್ದ ಹಾಗೆ ನಾಲ್ಕು ಅಂಚನ್ನೂ ಕಾಯ್ಬೇಕು. ಬೆಳಕಿರೋ ಕಡೆ ಸುಟ್ಟ ಹಾಗೆ ಬರೀ ಬಿಳಿಯಾಗಿರಬಾರದು, ನೆರಳಿರೋ ಕಡೆ ಬರೀ ಕಪ್ಪು ಮೆತ್ತಿದ ಹಾಗಿರಬಾರದು. ಇಷ್ಟಕ್ಕೆ ಏಳು ಬರುತ್ತೆ. ಇದನ್ನ ಯಾರು ಬೇಕಾದ್ರೂ ಕಲೀಬಹುದು."

"ಏಳರ ಮೇಲೆ?"

ಮೇಡಂ ಕನ್ನಡಕ ತೆಗೆದು ಒರೆಸಿದರು. "ಅದನ್ನ ನಾನು ಕಲಿಸೋಕಾಗಲ್ಲ. ಸೂರ್ಯ ಮುಳುಗೋದು ನಂಗೂ ಗೊತ್ತು. ನಿಮಗೆ ಗೊತ್ತಿದ್ದು ನಂಗೆ ಗೊತ್ತಿಲ್ದೆ ಇರೋದು ಏನಿದೆ, ಅದನ್ನ ತೋರ್ಸಿ."

ಈ ಮಾತು ಅವನ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು. ನನಗೇನು ಗೊತ್ತು? ಹಲ್ಲು ಗೊತ್ತು. ಹಲ್ಲಿನ ಫೋಟೋ ಯಾರು ನೋಡುತ್ತಾರೆ? ಹೀಗೆ ಒಂದು ವಾರ ಕೊರಗಿದ. ಆಮೇಲೊಂದು ಬೆಳಿಗ್ಗೆ, ಹೊಸ ಸೆಟ್ಟು ಹಾಕಿಸಿಕೊಂಡ ಗಾರೆ ಮೇಸ್ತ್ರಿಯೊಬ್ಬ ಕನ್ನಡಿ ನೋಡಿ ನಕ್ಕ. ನಗುವ ಹೊತ್ತಿಗೆ ಅವನ ಕೈ ತಾನಾಗಿ ಬಾಯಿಯ ಕಡೆ ಎದ್ದಿತು. ಹಲ್ಲಣ್ಣ ಆ ಕೈಯನ್ನೇ ನೋಡುತ್ತ ನಿಂತುಬಿಟ್ಟ.

ಇದು ಅವನು ಇಪ್ಪತ್ತೆರಡು ವರ್ಷದಿಂದ ಕಂಡದ್ದೇ. ಹಲ್ಲು ಹೋದವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಹೊಸ ಹಲ್ಲು ಬಂದ ದಿನ ಬಾಯಿಗೆ ವಿಷಯ ತಿಳಿದಿರುತ್ತದೆ, ಕೈಗೆ ತಿಳಿದಿರುವುದಿಲ್ಲ. ಅದು ಎದ್ದು, ಗದ್ದದವರೆಗೆ ಬಂದು, ಇನ್ನು ಬೇಕಿಲ್ಲವೆಂದು ನೆನಪಾಗಿ ಅಲ್ಲೇ ನಿಲ್ಲುತ್ತದೆ. ಒಂದೇ ಒಂದು ಕ್ಷಣ.

ಆ ಕ್ಷಣ ಹಿಡಿಯಲು ನಾಲ್ಕು ತಿಂಗಳು ಹಿಡಿಯಿತು. ಡಾಕ್ಟರಮ್ಮನ ಒಪ್ಪಿಗೆ ಪಡೆದ. ಬಂದವರನ್ನೆಲ್ಲ ಮೊದಲೇ ಕೇಳಿ, ಬೇಡವೆಂದವರ ತಂಟೆಗೆ ಹೋಗಲಿಲ್ಲ. ಕ್ಯಾಮೆರಾ ಕೈಯಲ್ಲಿದ್ದರೆ ಜನ ಕಲ್ಲಿನಂತೆ ಸೆಟೆದು ಕೂರುತ್ತಿದ್ದರು. ಅದನ್ನು ಸ್ಟ್ಯಾಂಡಿಗೆ ಹಾಕಿ ಕಿಟಕಿಯ ಪಕ್ಕ ನಿಲ್ಲಿಸಿ, ಗುಂಡಿ ಒತ್ತಲು ಉದ್ದನೆಯ ವೈರು ತಂದ. ಒಬ್ಬರ ಕೈ ಏಳಲೇ ಇಲ್ಲ. ಒಬ್ಬರ ಕೈ ಪೂರ್ತಿ ಮುಚ್ಚಿಬಿಟ್ಟಿತು. ಒಬ್ಬರು ನಗುವ ಬದಲು ಗಳಗಳ ಅತ್ತರು. ಅವತ್ತು ಅವನು ಗುಂಡಿ ಒತ್ತದೆ ಹೋಗಿ ನೀರು ತಂದುಕೊಟ್ಟ. ತೆಗೆದ ಫೋಟೋಗಳನ್ನು ಮನೆಗೊಯ್ದರೆ ಹೆಂಡತಿ, "ಹಿಂದೆ ನೇತಾಡ್ತಿರೋ ಟವೆಲ್ಲು ಯಾರ್ದು?" ಎನ್ನುತ್ತಿದ್ದಳು. ಮರುದಿನ ಟವೆಲ್ಲು ಹೋಯಿತು. ಆಮೇಲೆ ಅಚ್ಚು ಎರೆಯುವ ಗಾರೆಪುಡಿಯ ಡಬ್ಬ ಹೋಯಿತು, ಕ್ಯಾಲೆಂಡರ್ ಹೋಯಿತು. ನಾಲ್ಕನೆಯ ತಿಂಗಳಿಗೆ ಆ ಮೂಲೆಯಲ್ಲಿ ಒಂದು ಕುರ್ಚಿ, ಬರೀ ಗೋಡೆ, ಕಿಟಕಿಯ ತಂಪು ಬೆಳಕು ಬಿಟ್ಟು ಇನ್ನೇನೂ ಉಳಿದಿರಲಿಲ್ಲ.

ಆಗ ಬಂದವರು ಟೆಲಿಫೋನ್ ಅಮ್ಮ. ಹಳೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರ್ ಆಗಿದ್ದವರು. ಹಲ್ಲೆಲ್ಲ ಕೀಳಿಸಿದ ಮೇಲೆ ಐದು ತಿಂಗಳು ಅವರ ಮಾತೇ ನಿಂತುಹೋಗಿತ್ತು. ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದರು. ಫೋಟೋಗೂ ಹಾಗೇ ತಲೆ ಆಡಿಸಿ ಒಪ್ಪಿದರು. ಹಲ್ಲಣ್ಣ ಸೆಟ್ಟು ಕೂರಿಸಿ, ಒತ್ತುವ ಕಡೆ ಉಜ್ಜಿ, ಮತ್ತೆ ಕೂರಿಸಿ, "ಏನಾದ್ರೂ ಮಾತಾಡಿ ಅಮ್ಮ. ಅಕ್ಷರ ಸರಿಯಾಗಿ ಬರುತ್ತಾ ನೋಡೋಣ," ಎಂದ.

ಅವರು ಯೋಚಿಸಿದರು. ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗಂಟೆ ಹೊಡೆದಷ್ಟು ಸ್ಪಷ್ಟವಾಗಿ, "ನಮಸ್ಕಾರ, ಯಾವ ನಂಬರು ಬೇಕು?" ಎಂದರು.

ತಮ್ಮ ದನಿ ತಮಗೇ ಕೇಳಿ ಅವರಿಗೆ ನಗು ಉಕ್ಕಿಬಂತು. ಕೈ ಎದ್ದಿತು. ಗದ್ದದ ಹತ್ತಿರ ಬಂದು, ಬೆರಳು ಸಡಿಲಾಗಿ, ನಿಂತಿತು. ಹಲ್ಲಣ್ಣ ಗುಂಡಿ ಒತ್ತಿದ.

ಮುಂದಿನ ವಾರ ಅವರು ತಪಾಸಣೆಗೆ ಬಂದಾಗ ಫೋಟೋ ತೋರಿಸಿದ. "ಇದೇನಪ್ಪ, ಕೈ ಅಡ್ಡ ಬಂದಿದೆಯಲ್ಲ," ಎಂದು ಅವರು ಹುಬ್ಬು ಗಂಟಿಕ್ಕಿದರು. ಅವನು ವಿವರಿಸಿದ. ಟೆಲಿಫೋನ್ ಅಮ್ಮ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಐದು ತಿಂಗಳು ಈ ಕೈ ನನ್ನ ಬಾಯಿ ಕಾಯ್ತು," ಎಂದರು. "ಸ್ಪರ್ಧೆಗೆ ಹಾಕು. ಆದ್ರೆ ನಾನೂ ಬಂದು ಕೂತು ನೋಡ್ತೀನಿ."

ವರ್ಷದ ಕೊನೆಯ ಸ್ಪರ್ಧೆಗೆ ಸಭಾಂಗಣ ತುಂಬಿತ್ತು. ಟೆಲಿಫೋನ್ ಅಮ್ಮ ಹಿಂದಿನ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೂವತ್ತೊಂದನೆಯದಾಗಿ ಹಲ್ಲಣ್ಣನ ಫೋಟೋ ದೀಪದ ಕೆಳಗೆ ಬಂತು. ಕತ್ತರಿ ಮೇಡಂ ಹತ್ತಿರ ಹೋದರು, ದೂರ ಬಂದರು. ಚೀಟಿಯಲ್ಲಿ ಏನೋ ಬರೆದುಕೊಂಡರು. ರಟ್ಟುಗಳನ್ನಿಟ್ಟು ಬಲಗಡೆ ಒಂದಿಷ್ಟು ಮಾತ್ರ ಸರಿಸಿದರು.

"ಬಲಗಡೆ ಒಂದು ಬೆರಳಷ್ಟು ಕಿಟಕಿ ಜಾಸ್ತಿ. ಬೇರೆ ಏನನ್ನೂ ಮುಟ್ಟೋ ಹಾಗಿಲ್ಲ. ಬೆಳಕು ನೋಡಿ, ಹಲ್ಲಿನ ಬಿಳಿ ಬೇರೆ, ಕೂದಲಿನ ಬಿಳಿ ಬೇರೆ, ಗೋಡೆಯ ಬಿಳಿ ಬೇರೆ. ಇಂಥ ಬಿಳಿ ನಾನು ಈ ಕ್ಲಬ್ಬಲ್ಲಿ ನೋಡಿಲ್ಲ. ನಗು ಬಂದಿದೆ, ನಾಚಿಕೆಗೆ ಬಾಯಿ ಮುಚ್ಚೋಕೆ ಹೊರಟಿದಾರೆ..."

"ಮುಚ್ಚೋಕಲ್ಲ ಮೇಡಂ." ಹಿಂದಿನ ಸಾಲಿನಿಂದ ದನಿ ಬಂತು. "ಮುಚ್ಚೋದು ಬೇಕಿಲ್ಲ ಅಂತ ನೆನಪಾಗಿ ನಿಂತಿದ್ದು."

ನೂರು ತಲೆ ಹಿಂದಕ್ಕೆ ತಿರುಗಿದವು. ಫೋಟೋದ ಮುಖ ಎದ್ದು ನಿಂತಿತ್ತು. ತೀರ್ಪಿನ ನಡುವೆ ಬಾಯಿ ಹಾಕಿದವರನ್ನು ಮೇಡಂ ಹೊರಗೆ ಕಳಿಸಿದ್ದುಂಟು.

ಮೇಡಂ ಕನ್ನಡಕ ಏರಿಸಿ ಫೋಟೋಗೆ ಮೂಗು ತಾಗುವಷ್ಟು ಬಗ್ಗಿದರು. ನೆಟ್ಟಗಾದಾಗ ಅವರ ದನಿ ಮೆತ್ತಗಾಗಿತ್ತು. "ಹೌದು. ಮುಚ್ಚೋಕೆ ಹೊರಟ ಕೈಯಾಗಿದ್ರೆ ಬೆರಳು ಬಿಗಿಯಾಗಿರ್ತಿತ್ತು. ಇವು ಸಡಿಲಾಗಿವೆ. ಫೋಟೋದಲ್ಲೇ ಇದೆ, ನಾನು ನೋಡ್ಲಿಲ್ಲ." ಚೀಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಎಂಟು ಬರ್ಕೊಂಡಿದ್ದೆ. ಈಗ ಒಂಬತ್ತು. ಅವರು ಹೇಳಿದ್ರು ಅಂತ ಅಲ್ಲ. ಫೋಟೋ ಸರಿಯಾಗಿಯೇ ಹೇಳಿತ್ತು, ತಪ್ಪಾಗಿ ಓದಿದ್ದು ನಾನು. ಹತ್ತು ಕೊಡದೇ ಇರೋದು ಆ ಕಿಟಕಿ ಜಾಸ್ತಿ ಆದದ್ದಕ್ಕೆ."

ತುಂಬಿದ ಸಭೆಯಲ್ಲಿ ತನ್ನ ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡವರನ್ನು ಹಲ್ಲಣ್ಣ ಕಂಡಿರಲಿಲ್ಲ. ಅಂಕಕ್ಕಿಂತ ಅದೇ ಅವನಿಗೆ ದೊಡ್ಡದಾಗಿ ಕಂಡಿತು.

ಹತ್ತು ಬಂದದ್ದು ಮಕ್ಕಳ ಡಾಕ್ಟರೊಬ್ಬರ ಫೋಟೋಗೆ. ಒಣಹುಲ್ಲಿನ ಎಸಳಿನ ಮೇಲೆ ಹೆಬ್ಬೆರಳುದ್ದದ ಹಕ್ಕಿ ಕೂತಿದೆ, ಅದರ ಭಾರಕ್ಕೆ ಎಸಳು ಬಿಲ್ಲಿನಂತೆ ಬಾಗಿದೆ. ಹಕ್ಕಿಯ ತೂಕ ಕಣ್ಣಿಗೆ ಕಾಣುತ್ತಿತ್ತು. ಅದಕ್ಕಾಗಿ ಅವರು ಹನ್ನೊಂದು ಬೆಳಿಗ್ಗೆ ಒದ್ದೆ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದರಂತೆ. ಹಲ್ಲಣ್ಣ ಎರಡನೆಯವನು. ಡಾಕ್ಟರ ಕೈ ಕುಲುಕಿ, "ಸರ್, ಆ ಹುಲ್ಲು... ಅಬ್ಬ!" ಎಂದ.

ಕಿಟಕಿಯನ್ನು ಬೆರಳಷ್ಟು ಕತ್ತರಿಸಿ, ಒಳ್ಳೆಯ ಕಾಗದದಲ್ಲಿ ಅಚ್ಚು ಹಾಕಿಸಿ, ಚೌಕಟ್ಟು ಕೂರಿಸಿ ಟೆಲಿಫೋನ್ ಅಮ್ಮನ ಮನೆಗೆ ಕೊಂಡುಹೋದ. ಅವರು ಅದನ್ನು ತುಂಬ ಮರ್ಯಾದೆಯಿಂದ ಇಸಿದುಕೊಂಡು ಗೋಡೆಗೆ ಒರಗಿಸಿಟ್ಟರು. ಆಮೇಲೆ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಪ್ಪ," ಎಂದು ಶುರುಮಾಡಿದರು. "ಇದು ನಿಮ್ಮ ಕ್ಲಬ್ಬಿನೋರಿಗೆ ಚೆಂದ. ನನ್ನ ತಂಗೀರಿಗೆ ಕಳಿಸೋಕೆ ಒಂದು ನೆಟ್ಟಗಿರೋದು ತೆಗೆದುಕೊಡ್ತೀಯಾ? ಎಲ್ಲ ಹಲ್ಲೂ ಕಾಣ್ಬೇಕು."

ಹಲ್ಲಣ್ಣ ಚೀಲದಿಂದ ಕ್ಯಾಮೆರಾ ತೆಗೆದು, ಕುರ್ಚಿಯನ್ನು ಕಿಟಕಿಯ ಬಳಿಗೆಳೆದ. ಅವರು ಎರಡೂ ಕೈ ತೊಡೆಯ ಮೇಲೆ ಮಡಚಿಟ್ಟು, ಕ್ಯಾಮೆರಾವನ್ನೇ ನೋಡುತ್ತ, ಮೇಲಿನ ಸಾಲು ಕೆಳಗಿನ ಸಾಲು ಎರಡೂ ಕಾಣುವ ಹಾಗೆ ಬಾಯಿ ಅಗಲಿಸಿದರು. ಕ್ಲಬ್ಬಿನಲ್ಲಾದರೆ ಆರು ಬಂದರೆ ಹೆಚ್ಚು. ಅವನು ಅಂಚುಗಳನ್ನು ಒಂದೊಂದಾಗಿ ನೋಡಿದ, ಹಿಂದಿದ್ದ ಪರದೆಯನ್ನು ಸರಿಸಿದ, ಬೆಳಕು ಮುಖಕ್ಕೆ ಜೋರಾಗಿ ಹೊಡೆಯುತ್ತಿದೆಯೆಂದು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಮತ್ತೆ ಕೂರಿಸಿದ. ಮೂರು ಪ್ರತಿ ಬೇಕಿತ್ತು, ತಂಗಿಯರಿಗೆ ಒಂದೊಂದು. ಶನಿವಾರದೊಳಗೆ ಕೊಡುತ್ತೇನೆಂದು ಹೇಳಿ ಹೊರಟ.