ಓರಗಿತ್ತಿ ಕೊಟ್ಟ ನೀರು

ಎಷ್ಟು ದೊಡ್ಡದಾಗಿ ಕಾಣುತ್ತಿದೆ ಇವಳ ಮೂಗುಬೊಟ್ಟು, ಸಿನಿಮಾ ಪರದೆಯ ಅರ್ಧ ಅದೇ ತುಂಬಿಕೊಂಡಿದೆ, ಕೂಟಗಲ್ಲಿನ ಸಮುದಾಯ ಭವನದಲ್ಲಿ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡುತ್ತಿದೆ, ಹಿಂದೆ ಯಾರೋ ಸೆರಗಿನಿಂದ ಮೂಗು ಒರೆಸಿಕೊಂಡರು — ಪಾಪ ಮುನಿತಾಯಮ್ಮ, ಎಂಗ್ ಅಳ್ತಾವ್ಳೆ ನೋಡೇ — ಪಾಪವಂತೆ ಪಾಪ! ನನ್ನ ಮೈದುನನ ಹೆಂಡತಿ ಇವಳು, ಯಾವತ್ತು ಅತ್ತಿದ್ದಳು, ನನ್ನ ಮಗಳು ಮಾಯಿಯನ್ನು ಒಪ್ಪಿಕೊಂಡು ಹೊರಟಿದ್ದ ಮಾಗಡಿಯ ಗಂಡಿನವರನ್ನು ಬಸ್‌ಸ್ಟಾಪಿನಲ್ಲಿ ತಡೆದು, ಆ ಹುಡ್ಗೀಗೆ ಫಿಟ್ಸ್ ಬತ್ತದೆ ಕಣ್ರಪ್ಪ ಅಂದಳಲ್ಲ, ಅವತ್ತು ಅತ್ತಳೇ? ಫಿಟ್ಸಂತೆ, ನನ್ನ ಮಗಳಿಗೆ ನೆಗಡಿ ಬಂದದ್ದೂ ಅಪರೂಪ, ಆಮೇಲೆ ಒಬ್ಬ ಗಂಡೂ ನಮ್ಮ ಹೊಸಿಲು ತುಳಿಯಲಿಲ್ಲ. ಅಂದಿನಿಂದ ಎರಡು ಮನೆಗೂ ನೀರು ನಿಂತಿತು, ನಡುವೆ ಇರುವುದು ಒಂದೇ ಗೋಡೆ, ಅವಳ ಮನೆಯ ನೀರು ನಾನು ಮುಟ್ಟೆ, ನನ್ನದು ಅವಳು ಮುಟ್ಟಳು. ನಮ್ಮ ಕಡೆ ಮುನಿದವರ ಕೈಯಿಂದ ನೀರು ಇಸಿದುಕೊಂಡು ಕುಡಿದರೆ ಜಗಳ ಮುಗಿಯಿತು, ಮತ್ತೆ ಅದರ ಮಾತು ಎತ್ತುವ ಹಾಗಿಲ್ಲ. ಅದಕ್ಕೇ ಕುಡಿದಿರಲಿಲ್ಲ ನಾನು.

ಈ ಅಮೀರ್ ಬಂದ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ರೀಲರ್ ಸನಾವುಲ್ಲಾ ಸಾಹೇಬರ ಮಗ, ಡೈರೆಕ್ಟರಂತೆ, ಆಕ್ಟಿಂಗ್ ಏನೂ ಬೇಡ ಚಿನ್ನಮ್ಮನೋರೇ, ನಿಮ್ಮಿಬ್ರ ಮಧ್ಯೆ ಇರೋದೇ ಸಾಕು, ಕ್ಯಾಮೆರಾ ಐತೆ ಅನ್ನೋದೇ ಮರೆತುಬಿಡಿ — ಮರೆತೆನಲ್ಲ, ನಾನೊಬ್ಬಳೇ ಮರೆತೆ! ಅವಳು ಚೊಂಬು ಹಿಡಿದು ಬಂದಳು, ತಪ್ಪಾಯ್ತು ಕಣಕ್ಕ, ನಿನ್ ಮಗಳ ಬಾಳು ನಾನೇ ಹಾಳು ಮಾಡ್ಬುಟ್ಟೆ, ಒಸಿ ನೀರು ಕುಡಿಯಕ್ಕ, ಅದು ಅವನು ಹೇಳಿಕೊಟ್ಟ ಮಾತಲ್ಲ, ಅವಳ ಬಾಯಿಂದಲೇ ಬಂತು, ಚೊಂಬು ಎತ್ತಿ ಗಟಗಟ ಕುಡಿದೆ. ಇನ್ನೊಂದು ಟೇಕ್ ಅಮ್ಮಾ, ಲೈಟ್ ಹೋಯ್ತು ಅಮ್ಮಾ, ಮತ್ತೆ ಕುಡಿದೆ, ಹೊಟ್ಟೆ ಉಬ್ಬುವ ತನಕ ಕುಡಿದೆ, ಪ್ರತಿ ಸಲವೂ ಅವಳು ತಪ್ಪಾಯ್ತು ಅಂದಳು, ಪ್ರತಿ ಸಲವೂ ನಾನು ನಂಬಿದೆ. ಮಾರನೆಯ ಬೆಳಗ್ಗೆ ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು ಅವಳ ಬಾಗಿಲಿಗೆ ಹೋದೆ, ಬಾರೇ ತಾಯಮ್ಮ, ಕೂತ್ಕೊಂಡು ಬಿಡಿಸೋವ ಅಂದೆ — ಏನಕ್ಕ ನೀನು, ಅದು ಪಿಚ್ಚರ್‌ಗಲ್ವಾ — ಅಂದು ಬಾಗಿಲು ಹಾಕಿಕೊಂಡಳು, ನನ್ನ ಮುಖದ ಮೇಲೇ!

ಮಾಯಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ, ಕುಡಿದ ಹಾಗೆ ಮಾಡಿದೆ ಕಣವ್ವ ಅಂದಿದ್ದೆ, ಈಗ ಪಕ್ಕದಲ್ಲೇ ಕೂತು ನೋಡುತ್ತಿದ್ದಾಳೆ. ಅಯ್ಯೋ ಬಂತು, ಚೊಂಬು ಬಂತು, ಎತ್ತಿದ ಮುಖ, ಆಳುದ್ದದ ನನ್ನ ಗಂಟಲು, ಮೇಲೆ ಕೆಳಗೆ ಆಡುತ್ತಿದೆ, ಚಪ್ಪಾಳೆ, ಮುಂದಿನ ಸಾಲಿನಲ್ಲಿ ಅವಳು ಎದ್ದು ನಿಂತು ಊರಿಗೆಲ್ಲ ಕೈ ಮುಗಿಯುತ್ತಿದ್ದಾಳೆ, ನನ್ನತ್ತ ತಿರುಗಿಯೂ ನೋಡದೆ, ಎದ್ದು ಕೂಗಿಬಿಡಲೇ, ಸುಳ್ಳುಬುರುಕಿ ಕಣ್ರೋ ಇವಳು ಅನ್ನಲೇ, ಹೇಗೆ ಅನ್ನಲಿ, ಊರೆದುರಿಗೇ ಕುಡಿದಾಯಿತಲ್ಲ, ಇನ್ನು ಆ ಮಾತು ಎತ್ತುವ ಬಾಯಿ ನನಗಿಲ್ಲ, ಮಗಳ ನೋವನ್ನು ಒಂದು ಚೊಂಬು ನೀರಿಗೆ ಕೊಟ್ಟು ಬಂದೆ — ಅವ್ವಾ, ನಿಜವಾಗ್ಲೂ ನುಂಗ್ತಾ ಇದ್ದೀಯಲ್ಲವ್ವಾ — ಮಾಯಿ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು, ಪರದೆಯ ಮೇಲೆ ಚೊಂಬು ಎತ್ತಿಯೇ ಇದೆ, ನನ್ನ ಗಂಟಲು, ನೀರು ಇಳಿಯುತ್ತಿದೆ, ಗಂಟಲು, ನೀರು, ಇಳಿಯುತ್ತಲೇ ಇದೆ