ಎಂಟಿಲ್ಲದ ಸಂಖ್ಯೆ

"ಅಪ್ಪ, ಎಂಟೆಲ್ಲಿ?" ಎಂದಳು ಮಗಳು.

ಪೇಂಟರ್ ಹಲಗೆಯನ್ನು ಮತ್ತೊಮ್ಮೆ ನೋಡಿದ. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಒಂಬತ್ತರವರೆಗೆ ಬರೆದೆನೆಂದುಕೊಂಡಿದ್ದ: 12345679. ಲಾರಿಗಳಿಗೆ, ಮನೆ ಬಾಗಿಲುಗಳಿಗೆ ನಂಬರು ಬರೆದೇ ಹೊಟ್ಟೆ ಹೊರೆದವನು. ಎಂಟರ ತಗಡಿನ ಅಚ್ಚು ಮುರಿದು ಮೂಲೆ ಸೇರಿತ್ತು. ಉಳಿದ ಅಚ್ಚುಗಳನ್ನು ಒಂದಾದ ಮೇಲೊಂದು ಇಟ್ಟು ಬಳಿಯುತ್ತಾ ಹೋದವನಿಗೆ ಅದು ನೆನಪೇ ಆಗಿರಲಿಲ್ಲ. ಈಗ ತುರುಕೋಣವೆಂದರೆ ಏಳಕ್ಕೂ ಒಂಬತ್ತಕ್ಕೂ ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ.

"ಇಷ್ಟು ವರ್ಷದ ಕಸುಬು, ಮಾನ ಹೋಯ್ತು ನೋಡು," ಎಂದು ಗೊಣಗಿದ.

ಹೆಂಡತಿ ಹಲಗೆಗೆ ಕೈಯೆಟಕುವಷ್ಟು ಹತ್ತಿರ, ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವಳು. ಪಾರ್ಶ್ವವಾಯು ಬಡಿದಾಗಿನಿಂದ ಬಲಗೈ ಏಳದು, ಬಾಯಿಂದ ಒಂದು ಮಾತಿಲ್ಲ. ಮಾತು ಕಲಿಸಲು ಬರುತ್ತಿದ್ದಾಕೆ ನಿನ್ನೆ ಚಪ್ಪಲಿ ಮೆಟ್ಟುತ್ತಾ ಹೇಳಿದ್ದಳು: "ಅಂಕಿಗಳನ್ನಾದ್ರೂ ತೋರ್ಸಿ ನೋಡಿ. ಅದೂ ಗುರುತು ಸಿಗ್ಲಿಲ್ಲ ಅಂದ್ರೆ ಸುಮ್ನೆ ಆಸೆ ಇಟ್ಕೋಬೇಡಿ." ಬೆಳಗಾಗುತ್ತಲೇ ಅವನು ಬಣ್ಣದ ಡಬ್ಬಿ ಬಿಚ್ಚಿದ್ದ.

"ತಪ್ಪು ತೋರ್ಸಿ ಅಮ್ಮನ್ನ ಇನ್ನಷ್ಟು ಗೊಂದಲ ಮಾಡೋದು ಬೇಡ. ಒಣಗೋ ಮುಂಚೆ ಒರೆಸ್ಬಿಡೋಣ," ಎಂದು ಮಗಳು ಬಟ್ಟೆ ತಂದಳು.

ಅಷ್ಟರಲ್ಲಿ ಹೆಂಡತಿಯ ಎಡಗೈ ಮುಂದೆ ಬಂತು. ಅವನ ಜೇಬಿನಿಂದ ಸೀಮೆಸುಣ್ಣ ಎಳೆದುಕೊಂಡು, ಕೊನೆಯ ಒಂಬತ್ತರ ಕೆಳಗೆ ಸೊಟ್ಟಗೆ ಇನ್ನೊಂದು ಒಂಬತ್ತು ಬರೆದಳು. ಪಕ್ಕದಲ್ಲಿ ಗುಣಾಕಾರದ ಗುರುತು, ಕೆಳಗೊಂದು ಗೆರೆ. ಸೀಮೆಸುಣ್ಣವನ್ನು ಅವನ ಕೈಗೆ ತುರುಕಿದಳು.

"ನಾನಾ? ಟೀಚರಮ್ಮ, ನನ್ನ ಮಗ್ಗಿಯ ಯೋಗ್ಯತೆ ನಿಂಗೊತ್ತಿಲ್ವಾ?"

ಅವಳು ಗುರಾಯಿಸಿದಳು. ಅವನು ತೆಪ್ಪಗೆ ಕೂತ. ಒಂಬತ್ತೊಂಬತ್ಲ ಎಂಬತ್ತೊಂದು, ಒಂದು ಬರೆದ. ಒಂಬತ್ತೇಳ್ಲ ಅರವತ್ಮೂರು, ಮೂರು ಬರೆಯಲು ಹೋದ.

"ಎಂ... ಟು."

ಮಗಳ ಕೈಯಿಂದ ಬಟ್ಟೆ ಜಾರಿತು. ಅಷ್ಟು ದಿನಗಳಲ್ಲಿ ಅಮ್ಮನ ಮೊದಲ ಮಾತು! ಹೌದು, ಎಂಬತ್ತೊಂದರ ಎಂಟು ಕೈಯಲ್ಲೇ ಉಳಿದಿತ್ತು, ಅವನು ಸೇರಿಸಲು ಮರೆತಿದ್ದ. ಅರವತ್ಮೂರೂ ಎಂಟೂ ಎಪ್ಪತ್ತೊಂದು. ಮತ್ತೆ ಒಂದು, ಕೈಯಲ್ಲಿ ಏಳು. ಆಮೇಲೂ ಒಂದು, ಕೈಯಲ್ಲಿ ಆರು. ಕೈಯಲ್ಲಿ ಉಳಿಯುವುದು ಐದು, ನಾಲ್ಕು, ಮೂರು ಎಂದು ಇಳಿಯುತ್ತಾ ಹೋಯಿತು. ಗೆರೆಯ ಕೆಳಗೆ ಮಾತ್ರ ಒಂದೇ, ಒಂದೇ. ಕೊನೆಯವರೆಗೂ ಬರೆದು ಮುಗಿಸಿದ: 111111111.

"ಇದ್ಹೇಗಪ್ಪ ಬಂತು? ಎಂಟು ಬಿಡದೆ ಬರೆದಿದ್ರೂ ಹೀಗೇ ಬರ್ತಿತ್ತಾ?"

"ನಂಗೇನ್ ಗೊತ್ತೇ? ನಿಮ್ಮಮ್ಮನ್ನ ಕೇಳು."

ಹಾಗೆಂದವನು ಹೆಂಡತಿಯ ಕಡೆ ತಿರುಗಿದ. ಜೀವಮಾನವೆಲ್ಲ ಅಂಕಿಗಳಿಗೆ ಬಣ್ಣ ಬಳಿದವನು, ಅವುಗಳ ಒಳಗೆ ಇಂಥದ್ದೊಂದು ಇರಬಹುದೆಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಈ ಹೆಂಗಸು ಇದನ್ನೆಲ್ಲ ಒಳಗಿಟ್ಟುಕೊಂಡೇ ಇಷ್ಟು ದಿನ ಸುಮ್ಮನೆ ಕೂತಿದ್ದಳೇ!

ಹೆಂಡತಿ ಅಂಗೈಯಿಂದ ಉತ್ತರವನ್ನೂ ತಾನು ಬರೆದ ಒಂಬತ್ತನ್ನೂ ಅಳಿಸಿ, ಸೀಮೆಸುಣ್ಣ ಮತ್ತೆ ಕಸಿದುಕೊಂಡು, ಅಲ್ಲಿ ಅದರ ಎರಡರಷ್ಟು, ಹದಿನೆಂಟು ಬರೆದಳು.

"ಇದೂ ನಾನೇನಾ?"

ಅವಳು ಹೂಂಗುಟ್ಟಿದಳು. ಅವನು ತೋಳಿನಿಂದ ಕಣ್ಣೊರೆಸಿಕೊಂಡು, ಕುರ್ಚಿಯ ಹತ್ತಿರಕ್ಕೆ ಸರಿದು ಕೂತ.